ಅಮ್ಮನಿಗೆ ಗುರುತು ಸಿಗದ ಹಕ್ಕಿ

ಹೆಲ್ಸಿಂಕಿಗೆ ಬಂದು ಮೂರು ವಾರವಾದರೂ ಅಮ್ಮನಿಗೆ ಇಲ್ಲಿನ ನಿಶ್ಶಬ್ದ ಒಗ್ಗಿರಲಿಲ್ಲ. ಸೊರಬದ ಬಳಿಯ ನಮ್ಮೂರಲ್ಲಿ ಬೆಳಗಾಗುವುದೇ ಹಕ್ಕಿಗಳ ಗಲಾಟೆಯಿಂದ. "ಒಂದು ಹಕ್ಕಿಯೂ ಕೂಗಲ್ಲ, ಇದೆಂಥ ಊರು ಮಾರಾಯ" ಅನ್ನುತ್ತಿದ್ದಳು. ಹಾಗಾಗಿ ಇಲ್ಲಿನ ಸಂಗೀತ ಸಭಾಂಗಣ ಮ್ಯೂಸಿಕಿತಾಲೋದಲ್ಲಿ ಫಿನ್ಲೆಂಡಿನ ಸಂಯೋಜಕ ರೌತವಾರ ಅವರ 'ಕ್ಯಾಂಟಸ್ ಆರ್ಕ್ಟಿಕಸ್' ನುಡಿಸುತ್ತಾರೆಂದು ತಿಳಿದದ್ದೇ ಎರಡು ಟಿಕೆಟ್ ತೆಗೆದೆ. ಆರ್ಕೆಸ್ಟ್ರಾ ಜೊತೆಗೆ ಟೇಪಿನಲ್ಲಿ ಹಕ್ಕಿಗಳು! ಔಲು ವಿಶ್ವವಿದ್ಯಾಲಯ ತನ್ನ ಪದವಿ ಪ್ರದಾನ ಸಮಾರಂಭಕ್ಕೆಂದು ಬರೆಸಿದ್ದು, 1972ರಲ್ಲಿ. ಅಂಥ ಸಮಾರಂಭಕ್ಕೆ ಗಾಯಕವೃಂದ ಹಾಡುವುದು ರೂಢಿ. ಈತ ಆ ಜಾಗದಲ್ಲಿ ಔಲು ಬಳಿಯ ಲಿಮಿಂಕದ ಜೌಗಿನ ಹಕ್ಕಿಗಳನ್ನು ಕೂರಿಸಿದ.

ಎರಡು ಫ್ಲೂಟ್‌ಗಳು ಒಂದನ್ನೊಂದು ಸುತ್ತಿಕೊಂಡು ಶುರುವಾದವು. ಸ್ವಲ್ಪ ಹೊತ್ತಿಗೆ ಸ್ಪೀಕರ್‌ಗಳಿಂದ ಹಕ್ಕಿಗಳು. ಅಮ್ಮ ತಟ್ಟನೆ ಛಾವಣಿ ನೋಡಿದಳು. ನನ್ನ ಕಣ್ಣು ಮಾತ್ರ ಸಭಿಕರ ನಡುವೆ ಧ್ವನಿ ನಿಯಂತ್ರಿಸುವ ಮಿಕ್ಸರ್ ಮುಂದೆ ಕೂತ ಹುಡುಗಿಯ ಮೇಲಿತ್ತು. ಕಂಡಕ್ಟರ್ ಕೈಯೆತ್ತಿದರೆ ಟ್ರಾಂಬೋನ್ ಸುಮ್ಮನಾದೀತು, ಹಕ್ಕಿ ಸುಮ್ಮನಾಗುತ್ತದೆಯೇ? ಅದು ಅವಳ ಬೆರಳ ತುದಿಯಲ್ಲಿತ್ತು.

ಎರಡನೆಯ ಭಾಗ ಶುರುವಾದಾಗ ಅಮ್ಮ ನನ್ನ ತೋಳು ಚಿವುಟಿದಳು.

"ಇದ್ಯಾವ ಹಕ್ಕಿಯೋ?"

"ಇಲ್ಲಿಯದೇ ಯಾವುದೋ ಇರಬೇಕಮ್ಮ."

"ಸುಳ್ಳು. ಹಕ್ಕಿಗೆ ಇಷ್ಟುದ್ದ ಉಸಿರು ಎಲ್ಲಿಂದ ಬರ್ಬೇಕು?"

ಮುಂದಿನ ಸಾಲಿನವರು ತಿರುಗಿ ನೋಡಿದರು. ನಾನು ಅಮ್ಮನ ಕೈ ಅದುಮಿದೆ. ಆಮೇಲೆ ಹಂಸಗಳು ಬಂದವು, ವಾದ್ಯಗಳೂ ಅವುಗಳೂ ಒಟ್ಟಿಗೇ ದಟ್ಟವಾಗುತ್ತಾ ಹೋಗಿ ಕೊನೆಗೆ ದೂರವಾದವು. ಹದಿನೆಂಟು ನಿಮಿಷ ಆಗಿದ್ದೇ ತಿಳಿಯಲಿಲ್ಲ.

ವಿರಾಮದಲ್ಲಿ ಕಾಫಿ ಹಿಡಿದು ಕಾರ್ಯಕ್ರಮದ ಪುಸ್ತಿಕೆ ತೆರೆದೆ. ಅಮ್ಮ ಕೇಳಿದ್ದು ಶೋರ್ ಲಾರ್ಕ್, ಮುಷ್ಟಿಯಲ್ಲಿ ಹಿಡಿಸುವಷ್ಟು ಪುಟ್ಟ ಹಕ್ಕಿ. ಅದರ ದನಿಯನ್ನು ನಿಧಾನಗೊಳಿಸಿ ಎರಡು ಸ್ಥಾಯಿ ಕೆಳಗಿಳಿಸಿದ್ದಾರೆ. ಹೆಡ್‌ಫೋನಿನಲ್ಲಿ ಈ ಕೃತಿಯನ್ನು ಇಪ್ಪತ್ತು ಸಲವಾದರೂ ಕೇಳಿದ್ದೇನೆ, ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಟೇಪ್ ಅಂದರೆ ಹಿನ್ನೆಲೆಯ ಪ್ರಕೃತಿ ಎಂದೇ ನಂಬಿದ್ದೆ. ಅದೂ ಪಿಟೀಲಿನ ಹಾಗೆ ಶ್ರುತಿ ಮಾಡಿ ನುಡಿಸಿದ ವಾದ್ಯ. ಅಮ್ಮನಿಗೆ ಹೇಳಿದೆ. "ನಾನು ಹೇಳ್ಲಿಲ್ವಾ" ಎಂದು ಬಿಸ್ಕತ್ತು ಅದ್ದಿಕೊಂಡಳು.

ಮರುದಿನ ಅಪ್ಪ ಅಂಗಳದ ಪಿಕಳಾರದ ಕೂಗನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಲ್ಯಾಪ್‌ಟಾಪಿಗೆ ಹಾಕಿ ಕಾಲು ವೇಗಕ್ಕಿಳಿಸಿ ಅಮ್ಮನಿಗೆ ಕೇಳಿಸಿದೆ. ಅವಳು ಅರ್ಧಕ್ಕೇ ಕೈ ಅಡ್ಡ ಹಿಡಿದಳು.

"ಯಾರೋ ಅತ್ತ ಹಾಗಿದೆ. ಮೊದಲಿನ ಹಾಗೇ ಹಾಕು."