ಸಿ ಡ್ರೈವ್ ಕೆಂಪಾದ ದಿನ

ಎರಡೂವರೆ ಗಂಟೆಯ ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿತ್ತು. ಶೇ 71ಕ್ಕೆ ಬಂದು ನಿಂತಿತು: ಡಿಸ್ಕ್ ತುಂಬಿದೆ. ಔಟ್‌ಪುಟ್ ಹೋಗುತ್ತಿದ್ದದ್ದು 4 ಟಿಬಿಯ ಡಿ ಡ್ರೈವ್‌ಗೆ, ಅಲ್ಲಿ ಅರ್ಧಕ್ಕರ್ಧ ಖಾಲಿ. ತುಂಬಿದ್ದು ಸಿ. ಎಕ್ಸ್‌ಪೋರ್ಟ್ ಡಿ ಡ್ರೈವ್‌ಗೇ ಹೋದರೂ ತಾತ್ಕಾಲಿಕ ಫೈಲುಗಳು, ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಪೇಜ್ ಫೈಲು ಎಲ್ಲ ಸಿಯಲ್ಲೇ ಜಾಗ ಕೇಳುತ್ತವೆ. ಅಲ್ಲಿ ಉಳಿದಿದ್ದದ್ದು 1.1 ಜಿಬಿ.

ಡಬ್ಬಿಯ ಮೇಲೆ 256 ಜಿಬಿ ಎಂದಿರುವ ಎಸ್‌ಎಸ್‌ಡಿ ವಿಂಡೋಸ್‌ನಲ್ಲಿ 238 ತೋರಿಸುತ್ತದೆ. ಅದು ಮೋಸವಲ್ಲ, ಎಣಿಕೆಯ ವ್ಯತ್ಯಾಸ. ರೀಸೈಕಲ್ ಬಿನ್ ಖಾಲಿ ಮಾಡಿ, ಡಿಸ್ಕ್ ಕ್ಲೀನಪ್ ಓಡಿಸಿದರೆ ಸಿಕ್ಕಿದ್ದು 3 ಜಿಬಿ. ಎಡಿಟಿಂಗ್ ಸಾಫ್ಟ್‌ವೇರ್ ಅಡೋಬಿ ಪ್ರೀಮಿಯರ್ ಮತ್ತೆ ಮತ್ತೆ ಬೇಕಾಗುವುದನ್ನು ಬರೆದಿಟ್ಟುಕೊಳ್ಳುವ ಕ್ಯಾಶ್‌ಗೆ ಡಿಸ್ಕ್ ಕ್ಲೀನಪ್ ಕೈ ಹಾಕುವುದಿಲ್ಲ. ಅದು ಕೂತಿರುವ ಆ್ಯಪ್‌ಡೇಟಾ ಫೋಲ್ಡರ್ ಮಾಮೂಲಿಯಾಗಿ ಕಣ್ಣಿಗೂ ಬೀಳುವುದಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಆ್ಯಪ್‌ಡೇಟಾ ಎಂದು ಟೈಪ್ ಮಾಡಿದರೆ ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಅದರಲ್ಲಿ ಅಡೋಬಿ, ಅದರೊಳಗೆ ಕಾಮನ್, ಅದರೊಳಗೆ ಮೀಡಿಯಾ ಕ್ಯಾಶ್ ಫೈಲ್ಸ್. ರೈಟ್ ಕ್ಲಿಕ್, ಪ್ರಾಪರ್ಟೀಸ್: 94 ಜಿಬಿ.

ಇಷ್ಟು ಹೇಗಾಯಿತು? ಲೆಕ್ಕ ಹಾಕಿದರೆ ಸರಿಯಾಗಿಯೇ ಬರುತ್ತದೆ. ಕ್ಯಾಮೆರಾದ ಎಂಪಿ4 ಕ್ಲಿಪ್‌ನಲ್ಲಿ ಅಮುಕಿಟ್ಟಿರುವ ಆಡಿಯೊವನ್ನು ಪ್ರೀಮಿಯರ್ ಬಿಚ್ಚಿ, 32 ಬಿಟ್‌ನ ಸಿಎಫ್‌ಎ ಫೈಲಾಗಿ ಬರೆದಿಟ್ಟುಕೊಳ್ಳುತ್ತದೆ. 48 ಕಿಲೋಹರ್ಟ್ಸ್ ಸ್ಟೀರಿಯೊ ಎಂದರೆ ಸೆಕೆಂಡಿಗೆ 3,84,000 ಬೈಟ್, ಗಂಟೆಗೆ ಹತ್ತಿರ ಹತ್ತಿರ 1.3 ಜಿಬಿ. ಎರಡು ಕ್ಯಾಮೆರಾ, ಒಂದೊಂದರಲ್ಲಿ ಆರು ಗಂಟೆ, ಆರು ಮದುವೆ: 72 ಗಂಟೆ. ಅಲ್ಲಿಗೆ 93 ಜಿಬಿ ಆಯಿತು. ವೇವ್‌ಫಾರ್ಮ್, ಅಂದರೆ ಸದ್ದಿನ ಏರಿಳಿತದ ಗೆರೆಚಿತ್ರ, ಬರೆಯುವ ಪೆಕ್ ಫೈಲುಗಳು ಇದರ ಮುಂದೆ ಚಿಲ್ಲರೆ. ಆರರಲ್ಲಿ ನಾಲ್ಕು ಮದುವೆಗಳ ಡೆಲಿವರಿ ಮುಗಿದು, ಫುಟೇಜನ್ನೂ ಅಳಿಸಿಯಾಗಿತ್ತು. ಆದರೆ ಫುಟೇಜ್ ಅಳಿಸಿದರೆ ಅದರ ಕ್ಯಾಶ್ ತಾನಾಗಿ ಹೋಗುವುದಿಲ್ಲ. ಹಳೆಯದನ್ನು ತಾನೇ ಅಳಿಸುವ ಆಯ್ಕೆ ಪ್ರಿಫರೆನ್ಸಸ್‌ನಲ್ಲೇ ಇದೆ. ಅದನ್ನು ಆನ್ ಮಾಡದೆ ಬಿಟ್ಟದ್ದು ಯಂತ್ರದ ತಪ್ಪಲ್ಲ.

ಪ್ರಾಜೆಕ್ಟ್ ತೆರೆಯದೆ ಪ್ರೀಮಿಯರ್ ಶುರು ಮಾಡಿ ಎಡಿಟ್, ಪ್ರಿಫರೆನ್ಸಸ್, ಮೀಡಿಯಾ ಕ್ಯಾಶ್‌ಗೆ ಹೋಗಿ ಡಿಲೀಟ್ ಒತ್ತಬೇಕು. ಬಳಕೆಯಲ್ಲಿಲ್ಲದವು ಮಾತ್ರ, ಅಥವಾ ಪೂರ್ತಿ ಎಂದು ಎರಡು ಆಯ್ಕೆ ಬರುತ್ತವೆ. ಪೂರ್ತಿ ಅಳಿಸಿದ್ದಾಯಿತು. ಫೋಲ್ಡರ್‌ಗೇ ಹೋಗಿ ಕೈಯಾರೆ ಅಳಿಸುವವರು ಮೊದಲು ಪ್ರೀಮಿಯರ್ ಮುಚ್ಚಿ, ಶಿಫ್ಟ್ ಹಿಡಿದು ಡಿಲೀಟ್ ಒತ್ತಿ; ಬರೀ ಡಿಲೀಟ್ ಒತ್ತಿದರೆ ಬಿನ್ ಸೇರಿ ಜಾಗ ಹಾಗೆಯೇ ಕಟ್ಟಿಹಾಕಿಕೊಂಡಿರುತ್ತದೆ. ಪ್ರಾಜೆಕ್ಟ್ ಪಕ್ಕದಲ್ಲಿರುವ ವಿಡಿಯೊ ಪ್ರಿವ್ಯೂಸ್ ಹೋದರೂ ಮತ್ತೆ ರೆಂಡರ್ ಮಾಡಬಹುದು. ಆಟೋ ಸೇವ್ ಫೋಲ್ಡರ್ ಮಾತ್ರ ಮುಟ್ಟಬೇಡಿ, ಪ್ರಾಜೆಕ್ಟ್ ಕೆಟ್ಟ ದಿನ ಕಾಯುವುದು ಅದೊಂದೇ.

ಆಮೇಲೆ ಅದೇ ಪುಟದಲ್ಲಿ ಕ್ಯಾಶ್ ಫೈಲು, ಕ್ಯಾಶ್ ಡೇಟಾಬೇಸ್ ಎರಡರ ಜಾಗವನ್ನೂ ಇನ್ನೊಂದು 500 ಜಿಬಿ ಎಸ್‌ಎಸ್‌ಡಿಗೆ ಬದಲಿಸಿದ್ದಾಯಿತು. ಒಂದನ್ನೇ ಬದಲಿಸಿ ಇನ್ನೊಂದನ್ನು ಮರೆಯುವವರೇ ಹೆಚ್ಚು. ಯುಎಸ್‌ಬಿ ಹಾರ್ಡ್‌ಡಿಸ್ಕ್ ಬೇಡ, ಸಾವಿರಾರು ಸಣ್ಣ ಫೈಲು ಓದುವಷ್ಟರಲ್ಲಿ ಟೈಮ್‌ಲೈನ್ ತೆವಳುತ್ತದೆ. ಕ್ಯಾಶನ್ನು ಮೂಲ ಕ್ಲಿಪ್ ಪಕ್ಕದಲ್ಲೇ ಉಳಿಸುವ ಟಿಕ್ ಇದ್ದರೆ ತೆಗೆಯಿರಿ; ಇಲ್ಲದಿದ್ದರೆ ಫುಟೇಜ್ ಬ್ಯಾಕಪ್ಪೂ ಅದರ ಜೊತೆ ಊದಿಕೊಳ್ಳುತ್ತದೆ. ಅಡೋಬಿಯ ಇನ್ನೊಂದು ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ನ ಡಿಸ್ಕ್ ಕ್ಯಾಶ್ ಬೇರೆಯೇ; ಎಡಿಟ್ ಮೆನುವಿನ ಪರ್ಜ್‌ನಲ್ಲಿ ಅದನ್ನು ಪ್ರತ್ಯೇಕವಾಗಿ ಅಳಿಸಬೇಕು.

ಪೂರ್ತಿ ಅಳಿಸಿದ್ದಕ್ಕೆ ಬೆಲೆಯೂ ಇದೆ, ಡೆಲಿವರಿಯ ದಿನ ಈ ಕೆಲಸಕ್ಕೆ ಕೈ ಹಾಕಬಾರದು. ಗಟ್ಟಿಮೇಳ ಬಾರಿಸುವಲ್ಲಿ ವೇವ್‌ಫಾರ್ಮ್ ಗೋಪುರದ ಹಾಗೆ ಎದ್ದಿರುತ್ತದೆ. ಮಾಂಗಲ್ಯಧಾರಣೆಯ ಕಟ್ ಹುಡುಕುವುದು ಅದನ್ನು ನೋಡಿಯೇ. ಪ್ರಾಜೆಕ್ಟ್ ತೆರೆದಾಗ ಆಡಿಯೊ ಟ್ರ್ಯಾಕ್ ಬೋಳು. ಬಲಗಡೆ ಕೆಳಗಿನ ಪಟ್ಟಿ ಒಂದೊಂದೇ ಕ್ಲಿಪ್ ಮುಗಿಸಿ ಮುಂದೆ ಸರಿದ ಹಾಗೆ ಗೆರೆಗಳು ಮೂಡತೊಡಗಿದವು. ಮುಹೂರ್ತದ ಕ್ಲಿಪ್ಪಿನ ಸರದಿ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು.