ಕಾರ್ಡಿನ ವರ್ಷ ಮುಗಿಯುವುದು ಯಾವ ತಾರೀಕಿಗೆ?

ಕ್ರೆಡಿಟ್ ಕಾರ್ಡಿನ ವರ್ಷ ಜನವರಿಯಲ್ಲೂ ಶುರುವಾಗುವುದಿಲ್ಲ, ಏಪ್ರಿಲ್‌ನಲ್ಲೂ ಇಲ್ಲ. ಬಹುತೇಕ ಬ್ಯಾಂಕುಗಳು ಕಾರ್ಡ್ ಖಾತೆ ತೆರೆದ ದಿನದಿಂದ ಹನ್ನೆರಡು ತಿಂಗಳು ಎಣಿಸುತ್ತವೆ. ಅದು ಮುಗಿದ ಮೇಲೆ ಬರುವ ಒಂದೆರಡು ಸ್ಟೇಟ್‌ಮೆಂಟಿನಲ್ಲಿ ವಾರ್ಷಿಕ ಶುಲ್ಕ ಬೀಳುತ್ತದೆ. ಬೀಳುವುದು ಮುಂದಿನ ವರ್ಷದ ಶುಲ್ಕ, ಮುಂಗಡವಾಗಿ. ವರ್ಷದ ಖರ್ಚು ಬ್ಯಾಂಕ್ ಹೇಳಿದ ಮೊತ್ತ ದಾಟಿದರೆ ಅನೇಕ ಕಾರ್ಡುಗಳಲ್ಲಿ ಈ ಶುಲ್ಕ ಮಾಫಿಯಾಗುತ್ತದೆ, ಆದರೆ ಆ ಮಾಫಿ ಸಿಗುವುದು ಹಿಂದಿನ ವರ್ಷದ ಖರ್ಚು ನೋಡಿ. ಈ ಎರಡನ್ನು ಬೆರೆಸಿಕೊಂಡೇ ಜನ ದುಡ್ಡು ಕಳೆದುಕೊಳ್ಳುತ್ತಾರೆ.

ಕಾರ್ಡಿನ ಮೇಲೆ ಅಚ್ಚಾದ ತಿಂಗಳನ್ನು ನಂಬಬೇಡಿ. ಕಾರ್ಡ್ ಕಳೆದುಹೋಗಿ ಹೊಸದು ಬಂದಿದ್ದರೆ ಆ ತಿಂಗಳಿಗೂ ಶುಲ್ಕಕ್ಕೂ ಸಂಬಂಧವೇ ಇರುವುದಿಲ್ಲ. ಹೋದ ವರ್ಷ ಶುಲ್ಕ ಬಿದ್ದ ಸ್ಟೇಟ್‌ಮೆಂಟ್ ತೆಗೆದು ನೋಡಿ. 499 ರೂಪಾಯಿಯ ಕಾರ್ಡಾದರೆ ಶುಲ್ಕ 499 ಎಂದು ಒಂದು ಸಾಲು, ಅದರ ಕೆಳಗೆ 18% ಜಿಎಸ್‌ಟಿ 89.82 ಎಂದು ಇನ್ನೊಂದು ಸಾಲು ಇರುತ್ತದೆ. ಕೆಲವರ ಸ್ಟೇಟ್‌ಮೆಂಟಿನಲ್ಲಿ ಐಜಿಎಸ್‌ಟಿ ಎಂದು ಒಟ್ಟಿಗೆ, ಕೆಲವರದರಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು 44.91ರಂತೆ ಎರಡು ಪಾಲು. ಒಟ್ಟು ಹೋಗುವುದು 588.82. ಅಂಥ ಸಾಲೇ ಸಿಗದಿದ್ದರೆ ಕಸ್ಟಮರ್ ಕೇರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ನನ್ನ ಕಾರ್ಡಿನ ವರ್ಷ ಮುಗಿಯುವ ತಾರೀಕು ಯಾವುದು, ಈವರೆಗೆ ಎಷ್ಟು ಖರ್ಚು ಮಾಫಿಯ ಲೆಕ್ಕಕ್ಕೆ ಬಂದಿದೆ? ಎರಡನೆಯದನ್ನು ನೀವೇ ಕೂಡಿಸಲು ಹೋಗಬೇಡಿ, ಬ್ಯಾಂಕಿನ ಲೆಕ್ಕವೇ ಬೇರೆ.

ಬೇರೆ ಹೇಗೆಂದರೆ, ಪೆಟ್ರೋಲ್, ಬಾಡಿಗೆ, ವಾಲೆಟ್‌ಗೆ ಹಾಕಿದ ಹಣ, ಎಟಿಎಮ್‌ನಿಂದ ತೆಗೆದ ನಗದು, ಇಎಂಐಗೆ ಬದಲಾಯಿಸಿದ ಖರೀದಿ, ಇವನ್ನು ಅನೇಕ ಕಾರ್ಡುಗಳು ಸೇರಿಸುವುದಿಲ್ಲ. ಕೆಲವು ಕಾರ್ಡುಗಳು ಇನ್ಶೂರೆನ್ಸ್ ಮತ್ತು ಕರೆಂಟ್ ಬಿಲ್ಲನ್ನೂ ಬಿಡುತ್ತವೆ. ಆ್ಯಪ್‌ನಲ್ಲಿ ಕಟ್ಟುವ ಸೊಸೈಟಿ ಮೇಂಟೆನೆನ್ಸ್ ಬಾಡಿಗೆಯ ಲೆಕ್ಕಕ್ಕೆ ಹೋಗಿಬಿಡಬಹುದು. ಮುಂಬಯಿ ಕಡೆ ಡೊಂಬಿವಲಿಯಲ್ಲೋ ಮುಲುಂಡ್‌ನಲ್ಲೋ ಫ್ಲ್ಯಾಟ್ ಇರುವವರಿಗೆ ವರ್ಷಕ್ಕೆ ಅದೇ ದೊಡ್ಡ ಮೊತ್ತ, ಹಾಗಾಗಿ ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನು ಕೊನೆಯ ವಾರದ ಪೇಚು. ವರ್ಷ ಆಗಸ್ಟ್ 13ಕ್ಕೆ ಮುಗಿಯುತ್ತದೆ, ಮಾಫಿಗೆ ಬೇಕಾದ ಖರ್ಚು 1 ಲಕ್ಷ, ಆಗಿರುವುದು 96,000 ಎಂದುಕೊಳ್ಳಿ. 12ನೇ ತಾರೀಕು ದಾದರ್‌ನಲ್ಲಿ ಚೌತಿಗೆಂದು 5,000 ರೂಪಾಯಿಯ ಸೀರೆ ತೆಗೆದುಕೊಂಡು ಕಾರ್ಡ್ ಉಜ್ಜಿದಿರಿ. ಎಸ್ಸೆಮ್ಮೆಸ್ ಆಗಲೇ ಬಂತು, ಆದರೆ ಅಂಗಡಿಯವರ ಕಡೆಯಿಂದ ವ್ಯವಹಾರ ಪೂರ್ತಿಯಾಗಿ ಖಾತೆಗೆ ಏರಲು ಒಂದೆರಡು ದಿನ ಬೇಕು. 14ಕ್ಕೆ ಏರಿದರೆ, ಏರಿದ ದಿನವನ್ನೇ ಹಿಡಿಯುವ ಬ್ಯಾಂಕಿನಲ್ಲಿ ಅದು ಹೊಸ ವರ್ಷದ ಖರ್ಚು. ಹಿಂದಿನ ವರ್ಷ 96,000ಕ್ಕೇ ನಿಂತಿತು. ವಾಪಸ್ ಬಂದ ಹಣವೂ ಹೀಗೇ ಕಾಡುತ್ತದೆ. ಊರಿಗೆ ಹೋಗಲು ಮತ್ಸ್ಯಗಂಧ ರೈಲಿನ ಟಿಕೆಟ್ ಅರವತ್ತು ದಿನ ಮೊದಲೇ ಮಾಡಿ ಆಮೇಲೆ ರದ್ದು ಮಾಡಿದರೆ, ವಾಪಸಾದ ಮೊತ್ತ ಲೆಕ್ಕದಿಂದ ಕಳೆಯುತ್ತದೆ. ಆದ್ದರಿಂದ ಹತ್ತು ದಿನ ಮೊದಲೇ, ಎರಡು ಮೂರು ಸಾವಿರ ಹೆಚ್ಚೇ ಇರುವಂತೆ ಮುಗಿಸಿ. ಒಮ್ಮೆ ಗಡಿ ದಾಟಿತೋ, ಉಳಿದ ಖರ್ಚನ್ನು ಮನೆಯ ಇನ್ನೊಂದು ಕಾರ್ಡಿಗೆ ತಿರುಗಿಸಿ.

ಕೊರತೆ 4,000 ಇದ್ದು, ಹೇಗೂ ಬೇಕಾದ ಕಿರಾಣಿ ಸಾಮಾನಿನಿಂದ ತುಂಬುವುದಾದರೆ ಸರಿ. 588 ರೂಪಾಯಿ ಉಳಿಸಲು ಬೇಡದ 20,000ದ ಸಾಮಾನು ಕೊಳ್ಳುವುದು ನಷ್ಟವೇ. ಅಂಥ ಕಾರ್ಡನ್ನು ಮುಚ್ಚುವುದು ಒಳ್ಳೆಯದು ಎಂದೇ ನನ್ನ ಖಚಿತ ಅಭಿಪ್ರಾಯ.

ಮುಚ್ಚುವ ಮೊದಲು ಒಮ್ಮೆ ಕೇಳಿ ನೋಡಿ. ವರ್ಷ ಮುಗಿಯಲು ಒಂದು ತಿಂಗಳಿರುವಾಗ ಫೋನ್ ಮಾಡಿ, ಶುಲ್ಕ ಕೊಡುವ ಮನಸ್ಸಿಲ್ಲ, ಕಾರ್ಡ್ ಮುಚ್ಚಬೇಕೆಂದಿದ್ದೇನೆ ಎಂದು ನೇರವಾಗಿ ಹೇಳಿ. ಕೆಲವೊಮ್ಮೆ ಪೂರ್ತಿ ಮಾಫಿ ಸಿಗುತ್ತದೆ, ಕೆಲವೊಮ್ಮೆ ಇಷ್ಟು ದಿನದಲ್ಲಿ ಇಷ್ಟು ಖರ್ಚು ಮಾಡಿ ಎಂಬ ಷರತ್ತು ಬರುತ್ತದೆ. ಒಪ್ಪಿದರೆ ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿಯೂ ವಾಪಸ್ ಬರುತ್ತದೆಯೇ ಎಂದು ಕೇಳಲು ಮರೆಯಬೇಡಿ.

ಮುಚ್ಚುವುದೇ ಆದರೆ ಮೊದಲು ರಿವಾರ್ಡ್ ಪಾಯಿಂಟ್ ಬಳಸಿ ಮುಗಿಸಿ, ಆಟೋಪೇಗಳನ್ನು ಬೇರೆ ಕಾರ್ಡಿಗೆ ಹಾಕಿ, ಬಿಲ್ ಆಗದ ಮೊತ್ತವನ್ನೂ ಕಟ್ಟಿ. ಬಾಕಿ 38 ರೂಪಾಯಿ ಉಳಿದರೂ ಅರ್ಜಿ ಅಲ್ಲೇ ನಿಲ್ಲುತ್ತದೆ. ಆರ್‌ಬಿಐ 2022ರಲ್ಲಿ ತಂದ ನಿಯಮದಂತೆ, ಬಾಕಿ ಇಲ್ಲದ ಕಾರ್ಡನ್ನು ಅರ್ಜಿ ಬಂದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಏಳು ಕೆಲಸದ ದಿನ ಅಂದರೆ ಭಾನುವಾರ, ರಜೆ ಸೇರಿ ಹತ್ತು ಹನ್ನೆರಡು ದಿನ ಆಗಿಬಿಡುತ್ತದೆ, ಅದಕ್ಕೇ ವರ್ಷ ಮುಗಿಯುವ ಮೂರು ವಾರ ಮೊದಲೇ ಅರ್ಜಿ ಹಾಕಿ ಅದರ ನಂಬರ್ ಬರೆದಿಟ್ಟುಕೊಳ್ಳಿ.

ಶುಲ್ಕ ಬಿದ್ದಾಗಿದೆ, ಜಗಳ ನಡೆದಿದೆ ಎಂದು ಬಿಲ್ ಕಟ್ಟದೆ ಕೂರಬೇಡಿ. 588 ರೂಪಾಯಿಯ ಬಾಕಿಯೂ ಸಾಲ ತೀರಿಸಿದ ದಾಖಲೆ ಇಡುವ ಸಿಬಿಲ್‌ನಲ್ಲಿ ತಡ ಪಾವತಿ ಎಂದು ದಾಖಲಾಗಬಹುದು, ನಾಳೆ ಮನೆ ಸಾಲ ಕೇಳುವಾಗ ಅಡ್ಡ ಬರಬಹುದು. ಕಟ್ಟಿ, ದೂರು ಕೊಡಿ. ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಬರೆಯಬಹುದು, ಖರ್ಚಿಲ್ಲ. ಅರ್ಜಿಯ ನಂಬರ್, ಶುಲ್ಕದ ಸಾಲಿರುವ ಸ್ಟೇಟ್‌ಮೆಂಟ್, ಮಾಫಿಯ ಮಾತು ಕೊಟ್ಟ ಇಮೇಲ್, ಈ ಮೂರನ್ನೂ ಜೊತೆಗೆ ಲಗತ್ತಿಸಿ.