ಆಪರೇಷನ್ ಇಲ್ಲದೆ ಕೂದಲು ಬರುತ್ತಾ?

ಮೆಡಿಕಲ್ ಶಾಪ್ ಇಟ್ಟುಕೊಂಡವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೌಂಟರ್ ಖಾಲಿಯಾಗುವ ತನಕ ಕಾದು, ಟೋಪಿ ಸರಿಸಿ, ನೆತ್ತಿ ತೋರಿಸಿ ಮೆಲ್ಲಗೆ ಕೇಳುತ್ತಾರೆ: "ಸಾರ್, ಆಪರೇಷನ್ ಎಲ್ಲಾ ಬೇಡ. ಕೂದ್ಲು ವಾಪಸ್ ಬರೋಕೆ ಏನಾದ್ರೂ ಇದೆಯಾ?"

ಇದೆ. ಆದರೆ ಎಣ್ಣೆಗಳ ಸಾಲಿನಲ್ಲಿ ಇಲ್ಲ. ವಂಶದಲ್ಲಿ ಬರುವ ಬೊಕ್ಕತಲೆಯಲ್ಲಿ ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಕೂದಲ ಬುಡ ಕುಗ್ಗುತ್ತಾ, ದಪ್ಪ ಕೂದಲ ಜಾಗದಲ್ಲಿ ನವಿರು ಬರುತ್ತದೆ. ನವಿರು ಇರುವಲ್ಲಿ ಆಸೆ ಇದೆ. ವರ್ಷಗಳಿಂದ ನುಣ್ಣಗೆ ಹೊಳೆಯುವ ನೆತ್ತಿಯಲ್ಲಿ ಮದ್ದಿಗೆ ಹೆಚ್ಚು ಕೆಲಸವಿಲ್ಲ.

ಮಿನಾಕ್ಸಿಡಿಲ್ ಮೊದಲು ಬಿಪಿ ಮಾತ್ರೆಯಾಗಿತ್ತು. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬೆಳೆಯತೊಡಗಿತು. ಅದೇ ಮುಂದೆ ತಲೆಗೆ ಹಚ್ಚುವ ಮದ್ದಾಗಿ 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಗಂಡಸರಿಗೆ ಸಾಮಾನ್ಯವಾಗಿ 5 ಪರ್ಸೆಂಟ್ ದ್ರಾವಣ, ಸಲಕ್ಕೆ 1 ಎಂಎಲ್, ದಿನಕ್ಕೆರಡು ಸಲ. ಅಂದರೆ 60 ಎಂಎಲ್ ಬಾಟಲಿ ಒಂದೇ ತಿಂಗಳಿಗೆ ಮುಗಿಯಬೇಕು. ಎರಡು ತಿಂಗಳಾದ ಮೇಲೆ ಅರ್ಧ ಬಾಟಲಿ ಹಿಡಿದು ಬಂದು "ಕೆಲ್ಸ ಮಾಡ್ತಿಲ್ಲ" ಅನ್ನುವವರಿಗೆ ನಾನು ಆ ಬಾಟಲಿಯನ್ನೇ ಎತ್ತಿ ತೋರಿಸುತ್ತೇನೆ.

ತಲೆ ಒಣಗಿರಬೇಕು. ಬೈತಲೆ ತೆಗೆದು ಚರ್ಮದ ಮೇಲೆ ಹನಿ ಬೀಳುವಂತೆ ಬಿಡಬೇಕು. ಕೂದಲ ಮೇಲೆ ಸುರಿದರೆ ಅಂಟು ಮಾತ್ರ ಲಾಭ. ಆಮೇಲೆ ಕೈ ತೊಳೆಯಿರಿ, ಒಣಗಿದ ಮೇಲೆಯೇ ಮಲಗಿ. ದಿಂಬಿನಿಂದ ಮುಖಕ್ಕೆ ಹತ್ತಿದರೆ ಅಲ್ಲೂ ಕೂದಲು ಏಳಬಹುದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಜೋಪಾನ, ಅದಕ್ಕೆ ಇದು ವಿಷ. ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯಾಗಬಹುದು. ಬೆಳವಣಿಗೆ ನಿಂತ ಕೂದಲು ಹೊಸದಕ್ಕೆ ಜಾಗ ಬಿಡುವ ಹೊತ್ತದು. ಬಹಳ ಮಂದಿ ಅಲ್ಲೇ ಹೆದರಿ ಕೈಬಿಡುತ್ತಾರೆ. ಫಲ ನೋಡಲು ನಾಲ್ಕರಿಂದ ಆರು ತಿಂಗಳು ಬೇಕು.

ಫಿನಾಸ್ಟರೈಡ್ ಮಾತ್ರೆ ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದಾಗ 5 ಎಂಜಿ ಕೊಡುತ್ತಿದ್ದ ಮದ್ದು, 1997ರಲ್ಲಿ 1 ಎಂಜಿಯಾಗಿ ಗಂಡಸರ ಬೊಕ್ಕತಲೆಗೂ ಬಂತು. ಇದಕ್ಕೆ ಡಾಕ್ಟರ ಚೀಟಿ ಬೇಕೇ ಬೇಕು, ಪರಿಚಯದವರೆಂದು ನಾನು ಕೊಡುವುದಿಲ್ಲ. ಕೆಲವರಿಗೆ ಕಾಮಾಸಕ್ತಿ ತಗ್ಗುತ್ತದೆ, ನಿಮಿರುವಿಕೆಯ ತೊಂದರೆಯಾಗುತ್ತದೆ. ಹೆಚ್ಚಿನವರಿಗೆ ಬಿಟ್ಟ ಮೇಲೆ ಸರಿಹೋಗುತ್ತದೆ, ಹೋಗಲಿಲ್ಲ ಎಂದವರೂ ಇದ್ದಾರೆ. ಮನಸ್ಸು ಮಂಕಾದರೂ ಡಾಕ್ಟರಿಗೆ ಹೇಳಬೇಕು. ಪ್ರಾಸ್ಟೇಟ್ ತೊಂದರೆ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿ ಅರ್ಧದಷ್ಟು ಇಳಿದು ಕಾಣುವುದರಿಂದ ಅಲ್ಲೂ ಈ ಮಾತ್ರೆಯ ವಿಷಯ ಮುಚ್ಚಿಡಬಾರದು. ಬಸುರಿಯರು ಮುರಿದ ಮಾತ್ರೆ ಮುಟ್ಟಲೂ ಬಾರದು.

ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗವನ್ನು ನೆತ್ತಿಗೆ ಚುಚ್ಚುವುದು. ಕೆಲವರಿಗೆ ಫಲ ಸಿಕ್ಕಿದೆ. ಆದರೆ ಒಂದೊಂದು ಕ್ಲಿನಿಕ್‌ನದು ಒಂದೊಂದು ಕ್ರಮ, ದುಡ್ಡೂ ಜಾಸ್ತಿ, ಮೊದಲಿಗೇ ಅಲ್ಲಿಗೆ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ. ನೆತ್ತಿಯ ಮೇಲೆ ಉರುಳಿಸುವ ಸೂಜಿಮುಳ್ಳಿನ ರೋಲರ್ ಬಗ್ಗೆ 2013ರಲ್ಲಿ ಮುಂಬೈ ವೈದ್ಯರು 100 ಗಂಡಸರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಬರೀ ಮಿನಾಕ್ಸಿಡಿಲ್‌ಗಿಂತ ವಾರಕ್ಕೊಮ್ಮೆ ರೋಲರ್ ಜೊತೆ ಹಚ್ಚಿದವರಿಗೆ ಹೆಚ್ಚು ಕೂದಲು ಬಂತು. ಹಾಗಂತ ಆನ್‌ಲೈನ್‌ನಲ್ಲಿ ತರಿಸಿ ಮನೆಮಂದಿಯೆಲ್ಲ ಒಂದೇ ರೋಲರ್ ಉಜ್ಜಬೇಡಿ. ಲೇಸರ್ ಟೋಪಿಯಿಂದಲೂ ಅಲ್ಪಸ್ವಲ್ಪ ಉಪಯೋಗವಿದೆ, ಬೆಲೆ ನೋಡಿದರೆ ಬೇಡವೆನಿಸುತ್ತದೆ. ಬಯೋಟಿನ್ ಎಂಬ ವಿಟಮಿನ್ನಿನ ಕೊರತೆ ಇಲ್ಲದವರಿಗೆ ಬಯೋಟಿನ್ ಮಾತ್ರೆ ದಂಡ, ಥೈರಾಯ್ಡ್ ರಿಪೋರ್ಟನ್ನೂ ಕೆಡಿಸುತ್ತದೆ.

ಕೊನೆಗೆ ಹುಡುಗರದ್ದೊಂದು ಖಾಯಂ ಪ್ರಶ್ನೆ: "ಮದುವೆ ಆಗೋ ತನಕ ಹಚ್ಚಿದ್ರೆ ಸಾಕಲ್ವಾ?" ಮದುವೆ ಫೋಟೊಕ್ಕೆ ಸಾಕು. ಬಿಟ್ಟ ಕೆಲವೇ ತಿಂಗಳಲ್ಲಿ ಬಂದದ್ದು ಹೊರಟುಹೋಗುತ್ತದೆ. ಅದಕ್ಕೇ ವರ್ಷದ ಖರ್ಚನ್ನು ಹನ್ನೆರಡು ಬಾಟಲಿ ಲೆಕ್ಕದಲ್ಲಿ ಚೀಟಿಯ ಹಿಂದೆ ಬರೆದುಕೊಟ್ಟು, ಆಮೇಲೆ ಮೊದಲ ಬಾಟಲಿ ಕೊಡುತ್ತೇನೆ. ಲೆಕ್ಕ ನೋಡಿ "ಬೇಡ ಬಿಡಿ ಸಾರ್" ಎಂದು ಟೋಪಿ ಹಾಕಿಕೊಂಡು ಹೋದವರೂ ಇದ್ದಾರೆ. ನನಗೆ ವ್ಯಾಪಾರ ಹೋಯಿತು, ಅವರು ಮಾಡಿದ್ದರಲ್ಲಿ ತಪ್ಪೇನಿಲ್ಲ.